ನಲವತ್ತು ಮೈಲಿಗೆ ನಡುಗುವ ಕಾರು

೧೯೩೬ರ ಫೆಬ್ರವರಿ ಹನ್ನೊಂದು, ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಕಾಫಿ ಎಸ್ಟೇಟಿನ ಪ್ರೆಸ್ಕಾಟ್ ದೊರೆ ಹಣೆಗೆ ಪಟ್ಟಿ ಕಟ್ಟಿಕೊಂಡು ಸುಂಟಿಕೊಪ್ಪ ಠಾಣೆಗೆ ಬಂದ. ತನ್ನ ಕೆಂಪು ರೇಸಿನ ಕಾರನ್ನು ತಾನೇ ಎತ್ತಿನಗಾಡಿಯಷ್ಟು ನಿಧಾನವಾಗಿ ಓಡಿಸಿಕೊಂಡು ಬಂದಿದ್ದ. ಪಕ್ಕದ ಸೀಟಿನಲ್ಲಿ ಕೈಗೆ ಹಗ್ಗ ಬಿಗಿಸಿಕೊಂಡ ಡ್ರೈವರ್ ಸುಬ್ಬ ಕುಳಿತಿದ್ದ.

ದೂರು ಇಷ್ಟು: ಮೂರು ವಾರದಿಂದ ನಲವತ್ತು ಮೈಲಿ ವೇಗ ದಾಟಿದರೆ ಕಾರು ನಡುಗುತ್ತದೆ. ನಿನ್ನೆ ಸ್ಟೇರಿಂಗ್ ತನ್ನ ಕೈಯಿಂದ ಕಿತ್ತುಕೊಂಡು ಕಾರು ಕಮರಿಯ ಅಂಚಿಗೆ ಹೋಗಿ ನಿಂತಿತು. ತಾನು ಬೈದದ್ದರ ಸೇಡಿಗೆ ಸುಬ್ಬನೇ ಚಕ್ರ ಕೆಡಿಸಿದ್ದಾನೆ. ಕೊಲೆ ಯತ್ನ. ನಾಲ್ಕು ಗಂಟೆಗೆ ಅವನು ಮಡಿಕೇರಿ ಮ್ಯಾಜಿಸ್ಟ್ರೇಟರ ಮುಂದಿರಬೇಕು, ಮಧ್ಯಾಹ್ನ ಒಂದಕ್ಕೆ ಕಾರು ಸರಿಯಾಗಿ ತನ್ನ ಕೈಗೆ ಬರಬೇಕು. ಎಫ್‌ಐಆರ್‌ಗೆ ಸಹಿ ಹಾಕಿ ದೊರೆ ಗೆಳೆಯನ ಕಾರಿನಲ್ಲಿ ಹೊರಟುಹೋದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಠಾಣೆಗೆ ಹೊಸದಲ್ಲ. ಆದರೂ ಇನ್‌ಸ್ಪೆಕ್ಟರ್ ಉತ್ತಯ್ಯನಿಗೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಈ ಕಾರನ್ನು ದಿನವೂ ಸುಬ್ಬನೂ ಓಡಿಸುತ್ತಾನೆ. ತಾನು ಕೂರುವ ಕಾರನ್ನು ಯಾರಾದರೂ ಕೆಡಿಸಿಕೊಳ್ಳುತ್ತಾರೆಯೇ?

“ಮಾಡಿದ್ದು ನೀನಾ?”

“ಅಯ್ಯೋ, ಇಲ್ಲ ಬುದ್ಧಿ. ನಟ್ಟು ಬಿಗಿ ಮಾಡಿ ನೋಡ್ದೆ, ಚಕ್ರದ ಕಡ್ಡಿ ಬಿಗಿ ಮಾಡಿ ನೋಡ್ದೆ. ಹೋಗ್ಲಿಲ್ಲ.”

“ಯಾವ ಚಕ್ರ ಅಂತ ಗೊತ್ತಾಗೋದು ಹೇಗೆ?”

“ಓಡಿಸ್ಬೇಕು. ಸ್ಟೇರಿಂಗ್ ನಡುಗಿದ್ರೆ ಮುಂದಿನದು, ಕುಂಡೆಯಡಿ ನಡುಗಿದ್ರೆ ಹಿಂದಿನದು.”

ಠಾಣೆಯಲ್ಲಿ ಕಾರು ಬಿಡಬಲ್ಲವರು ಬೇರೆ ಯಾರೂ ಇರಲಿಲ್ಲ. ಉತ್ತಯ್ಯ ಹಗ್ಗ ಬಿಚ್ಚಿಸಿದ. “ಸಾರ್, ಅವನ ಕೈಗೆ ಪ್ರಾಣ ಕೊಡ್ತೀರಾ?” ಎಂದು ಕಾನ್‌ಸ್ಟೆಬಲ್ ಮೊಣ್ಣಪ್ಪ ಬಾಯಿ ಬಿಟ್ಟ.

ಒಂಬತ್ತೂವರೆಗೆ ಕುಶಾಲನಗರದ ರಸ್ತೆ. ಮುಳ್ಳು ಮೂವತ್ತಕ್ಕೆ ಬಂದಾಗ ಏನೂ ಇಲ್ಲ. ಮೂವತ್ತೆಂಟು, ಏನೂ ಇಲ್ಲ. ನಲವತ್ತೊಂದಕ್ಕೆ ಸ್ಟೇರಿಂಗ್ ಸುಬ್ಬನ ಕೈಯಲ್ಲಿ ಗಡಗಡ ನಡುಗತೊಡಗಿತು. ಎದುರಿಗೆ ತಿರುವು, ಎಡಕ್ಕೆ ಕಮರಿ. ಉತ್ತಯ್ಯ ಬಾಗಿಲನ್ನು ಹಿಡಿದುಕೊಂಡು ಇಗ್ಗುತಪ್ಪನನ್ನು ನೆನೆದ. ಸುಬ್ಬ ಹಲ್ಲು ಕಚ್ಚಿ ವೇಗ ಇಳಿಸಿದ. ನಡುಕ ನಿಂತಿತು.

ಮುಂದಿನ ಎಡಚಕ್ರವನ್ನು ಹಿಂದಕ್ಕೆ ಹಾಕಿ ಮತ್ತೆ ಓಡಿಸಿದರು. ಈ ಸಲ ಸ್ಟೇರಿಂಗ್ ಸುಮ್ಮನಿತ್ತು, ಸೀಟು ಕುಣಿಯಿತು. ಕಳ್ಳ ಚಕ್ರ ಸಿಕ್ಕಿತ್ತು. ಠಾಣೆಗೆ ಬಂದು ಜಾಕಿ ಕೊಟ್ಟು ಆ ಚಕ್ರವನ್ನು ಮತ್ತೆ ಮುಂದಿನ ಅಚ್ಚಿಗೇ ಹಾಕಿ ಸುಮ್ಮನೆ ತಿರುಗಿಸಿ ಬಿಟ್ಟರು. ಮೂರು ಸಲವೂ ಒಂದೇ ಜಾಗ ಕೆಳಗೆ ಬಂದು ನಿಂತಿತು, ಅಲ್ಲೇ ಏನೋ ಭಾರವಿತ್ತು.

ಹನ್ನೊಂದು ಗಂಟೆಗೆ ಇಬ್ಬರು ಪಂಚ ಸಾಕ್ಷಿಗಳ ಮುಂದೆ ಟೈರು ಬಿಚ್ಚಿದರು. ಒಳಮೈಗೆ ಹಳೇ ಟ್ಯೂಬಿನ ತುಂಡು ಅಂಟಿಸಿತ್ತು. ಅದರಡಿ ಸಾಲಾಗಿ ಐದು ಸೀಸದ ಗುಂಡು.

“ಮೀನಿನ ಬೀಸುಬಲೆಗೆ ಕಟ್ಟೋ ಗುಂಡಲ್ವಾ ಸಾರ್ ಇದು!” ಎಂದ ಮೊಣ್ಣಪ್ಪ.

“ಈ ಟೈರಿಗೆ ಕೊನೇಲಿ ಪಂಚರ್ ಹಾಕಿದ್ದು ಯಾರು?” ಎಂದು ಉತ್ತಯ್ಯ ಕೇಳಿದ.

ಸುಬ್ಬ ತಲೆ ತಗ್ಗಿಸಿದ. “ನಂಗೆ ಜ್ವರ ಇತ್ತು ಬುದ್ಧಿ. ಎಸ್ಟೇಟಲ್ಲಿ ಕಾಫಿ ಹಣ್ಣು ಸುಲಿಯೋ ಪಲ್ಪರ್ ಮನೆ ಫಿಟ್ಟರ್ ಕೂಸಪ್ಪಣ್ಣ ಹಾಕಿದ್ದು. ಅವ್ರು ಅಂಥವ್ರಲ್ಲ.”

ಪಂಚನಾಮೆ ಬರೆದು ಗುಂಡುಗಳನ್ನು ವಶಕ್ಕೆ ತೆಗೆದುಕೊಂಡರು. ಟೈರು ಮತ್ತೆ ಕೂತಿತು. ಚಕ್ರ ಈಗ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಒಂದಕ್ಕೆ ದೊರೆ ಬಂದು ಕಾರು ಒಯ್ದ.

ಎರಡು ಗಂಟೆಗೆ ಉತ್ತಯ್ಯ ಮತ್ತು ಮೊಣ್ಣಪ್ಪ ದೊರೆಯ ಎಸ್ಟೇಟಿನ ಕೂಲಿಮನೆಗಳ ಲೈನ್ ತಲುಪಿದರು. ಕೂಸಪ್ಪನ ಗೋಡೆಯಲ್ಲಿ ಬಲೆ ತೂಗುತ್ತಿತ್ತು.

“ಮೀನು ತಿಂದು ಎಷ್ಟು ದಿನ ಆಯ್ತಮ್ಮ?” ಎಂದು ಉತ್ತಯ್ಯ ಅವನ ಹೆಂಡತಿ ಮುದ್ದಿಯನ್ನು ಕೇಳಿದ.

“ಮೂರು ವಾರ ಆಯ್ತು ಸ್ವಾಮಿ. ಬಲೆ ಒಂದು ಕಡೆ ಏಳ್ತದಂತೆ, ಮೀನೆಲ್ಲ ನುಸುಳಿ ಹೋಗ್ತದಂತೆ.”

ಬಲೆಯ ಅಂಚಿನಲ್ಲಿ ಐದು ಗುಂಡಿನ ಜಾಗ ಖಾಲಿ ಇತ್ತು. ಬಾಗಿಲಲ್ಲಿ ಅವರ ಮಗಳು ಯಮುನ ಮಡಚಲಾಗದ ಕಾಲನ್ನು ಚಾಚಿಕೊಂಡು ಕುಳಿತಿದ್ದಳು. ಅವಳಿಗೆ ಒಂಬತ್ತು ವರ್ಷ. ಉತ್ತಯ್ಯನಿಗೆ ಆ ಕಾಲಿನ ಕತೆ ನೆನಪಿತ್ತು.

ಕೂಸಪ್ಪ ಒಳಗಿಂದ ಬಂದ. ಆಗಲೇ ಅಂಗಿ ಹಾಕಿಕೊಂಡಿದ್ದ.

“ನಾನೇ ಠಾಣೆಗೆ ಹೊರಟಿದ್ದೆ. ಸುಬ್ಬನ್ನ ಬಿಡಿ.”

“ದೊರೇನ ಕೊಲ್ಲಬೇಕು ಅಂತಿದ್ಯಾ?”

“ಕೊಲ್ಲೋದಾದ್ರೆ ನಟ್ಟು ಸಡಿಲ ಮಾಡ್ತಿದ್ದೆ. ನಲವತ್ತರ ಒಳಗೆ ಏನೂ ಆಗೋದಿಲ್ಲ ಸ್ವಾಮಿ. ನಡುಗಿದ್ರೆ ಆದ್ರೂ ಮೆಲ್ಲಗೆ ಹೋದಾರು ಅಂತ. ಈ ರಸ್ತೇಲಿ ಮಕ್ಕಳು ಓಡಾಡ್ತಾರೆ.”

“ದೂರು ಕೊಡಬಾರದಿತ್ತಾ?”

“ಕೊಟ್ಟಿದ್ದೆ. ನಿಮಗೇ.”

ಎರಡೂಕಾಲಿಗೆ ದಸ್ತಗಿರಿ ಬರೆದುಕೊಂಡರು. ಮುದ್ದಿ ಗೋಡೆಗೆ ಒರಗಿ ಅಳತೊಡಗಿದಳು.

ಮೂವರೂ ಲೈನಿನ ರಸ್ತೆಗೆ ಇಳಿಯುವಾಗ ಹಿಂದೆ ಹಾರನ್ ಕೂಗಿತು. ಬುಟ್ಟಿ ಹೊತ್ತ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಚರಂಡಿಗೆ ಹಾರಿದರು. ಕೆಂಪು ಕಾರು ಐವತ್ತರ ಮೇಲಿನ ವೇಗದಲ್ಲಿ ಧೂಳೆಬ್ಬಿಸಿಕೊಂಡು ಹೋಯಿತು. ಒಂದಿಷ್ಟೂ ನಡುಗಲಿಲ್ಲ.

“ಚೆನ್ನಾಗಿ ಸರಿ ಮಾಡಿದ್ದೀರಿ,” ಎಂದ ಕೂಸಪ್ಪ. ಅದರಲ್ಲಿ ಕುಹಕವಿರಲಿಲ್ಲ, ಅವನು ಫಿಟ್ಟರ್.

ಮೂರು ಗಂಟೆಗೆ ಸುಬ್ಬನ ಬಿಡುಗಡೆಯಾಯಿತು. ಉತ್ತಯ್ಯ ಹಳೆಯ ಕಡತ ತೆಗೆಸಿದ. ಹಿಂದಿನ ಡಿಸೆಂಬರ್ ನಾಲ್ಕು, ಫಿಟ್ಟರ್ ಕೂಸಪ್ಪನ ದೂರು: ದೊರೆಯ ಕಾರು ಬಡಿದು ಮಗಳ ಕಾಲು ಮುರಿದಿದೆ. ಕೆಳಗೆ ಷರಾ: ಹುಡುಗಿ ತಾನೇ ಓಡಿ ಅಡ್ಡ ಬಂದಿದ್ದಾಳೆ, ದೊರೆಯವರ ತಪ್ಪಿಲ್ಲ, ಮುಕ್ತಾಯ. ಅದರ ಕೆಳಗಿನ ಸಹಿ ಉತ್ತಯ್ಯನದೇ. ಅಂದು ಅವನು ಕುರ್ಚಿಯಿಂದ ಎದ್ದಿರಲಿಲ್ಲ, ರಸ್ತೆ ನೋಡಿರಲಿಲ್ಲ.

“ಮೊಣ್ಣಪ್ಪ, ಎಫ್‌ಐಆರ್ ಪುಸ್ತಕ ಕೊಡು.”

“ಬರೆದಾಯ್ತಲ್ಲ ಸಾರ್?”

“ಇನ್ನೊಂದು ಇದೆ.”

ಕೂಸಪ್ಪನಿದ್ದ ಲಾಕಪ್ಪಿನ ಕಂಬಿಯ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತು ಉತ್ತಯ್ಯ ಬರೆಯತೊಡಗಿದ. ದೂರುದಾರ: ಕೂಸಪ್ಪ. ಆರೋಪಿ: ಪ್ರೆಸ್ಕಾಟ್ ದೊರೆ.

“ಹೇಳು,” ಎಂದ, “ಅವತ್ತು ಕಾರು ಎಷ್ಟು ವೇಗದಲ್ಲಿ ಬಂತು?”