ಅವಳು ಸ್ವರ ಬಿಡುವವರೆಗೆ

ಚಿಗುಸಾ ಬಾಣಲೆಯಲ್ಲಿ ಮೊಟ್ಟೆಯ ಪದರವನ್ನು ಮೆಲ್ಲಗೆ ಸುತ್ತುತ್ತಿದ್ದಳು. ನಾಟಕದ ಕೊನೆಯ ದಿನ. ಇಷ್ಟು ದಿನ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದವಳು ಇವತ್ತು ಥಿಯೇಟರಿಗೇ ಕರೆದೊಯ್ಯಲು ತೀರ್ಮಾನಿಸಿದ್ದಳು. ಇಬ್ಬರ ಡಬ್ಬಿಗೂ ಅನ್ನದುಂಡೆ ತುಂಬಿ ಆಗಿತ್ತು. ಮೊಟ್ಟೆಯೊಂದೇ ಬಾಕಿ ಎನ್ನುವಾಗ ಬಾಗಿಲ ಗಂಟೆ ಮೊಳಗಿತು.

"ನಾನ್ ನೋಡ್ತೀನಿ!" ಏಳು ವರ್ಷದ ಇಬುಕಿ ಓಡಿದಳು. ಕೊರಿಯರಿನವನಿಂದ ಚಪ್ಪಟೆಯ ಪೊಟ್ಟಣವೊಂದನ್ನು ತಂದು, ಅಮ್ಮ ಬೇಡ ಅನ್ನುವುದರೊಳಗೆ ಬಿಚ್ಚಿಯೂ ಬಿಟ್ಟಳು.

ಒಳಗಿದ್ದದ್ದು ಬಾಗಿಲ ಪರದೆ. ನಟಿಗೆ ಮೊದಲ ಸಲ ದೊಡ್ಡ ಪಾತ್ರ ಸಿಕ್ಕಾಗ ಅವಳ ಬಣ್ಣದ ಕೋಣೆಗೆ ಇಳಿಬಿಡಲೆಂದು ಬೇಕಾದವರು ಮಾಡಿಸಿಕೊಡುವಂಥದ್ದು. ನೇರಳೆ ಬಟ್ಟೆಯ ನಡುವೆ ಬಿಳಿಯಲ್ಲಿ ಅವಳ ಹೆಸರು. ಎಡ ಮೂಲೆಯಲ್ಲಿ ಸಣ್ಣದಾಗಿ ಕೊಟ್ಟವರದು. ಮಡಿಕೆಗಳ ಉದ್ದಕ್ಕೂ ಬಣ್ಣ ಮಾಸಿತ್ತು. ನಿನ್ನೆ ಮೊನ್ನೆ ಮಾಡಿಸಿದ ಬಟ್ಟೆಯಲ್ಲ ಅದು.

"ಈ ಅಕ್ಷರ ನಂಗೊತ್ತು! ಪೋಸ್ಟರಲ್ಲಿದೆ. ಹಾಯಸೆ ಕುನಿಹಿಕೊ. ಕಡ್ಡಿ ಆಡಿಸಿ ಎಲ್ಲರ ಕೈಲೂ ವಾದ್ಯ ನುಡಿಸ್ತಾರಲ್ಲ, ಅವರು." ಇಬುಕಿ ಆ ಹೆಸರಿನ ಮೇಲೆ ಬೆರಳಾಡಿಸಿದಳು. "ಅಮ್ಮಾ..."

ಹೀಗೆ ಬಾಯಿ ತೆರೆದು ಮುಚ್ಚುವುದು ಮಗುವಿಗೆ ಈಚೆಗೆ ಅಭ್ಯಾಸವಾಗಿತ್ತು. ಏನೋ ಒಂದು ತುಟಿಯ ತನಕ ಬಂದು, ಅಮ್ಮನ ಮುಖ ನೋಡಿ ಒಳಗೇ ಹೋಗುತ್ತಿತ್ತು.

"ಏನೇ?"

"ಮೊಟ್ಟೆ ಸೀದುಹೋಗ್ತಿದೆ."

ಎಂಟು ವರ್ಷದ ಹಿಂದೆ ಇದೇ ನಾಟಕದ ಮೊದಲ ಪ್ರಯೋಗಕ್ಕೆ ಕುನಿಹಿಕೊ ಸಂಗೀತ ಕಟ್ಟಿದ್ದ. ಅದರ ಮುಖ್ಯ ಹಾಡನ್ನು ಅವನು ಬರೆದದ್ದು ಚಿಗುಸಾಳ ಪಕ್ಕದಲ್ಲಿ ಕೂತು, ಅವಳ ಉಸಿರು ಎಲ್ಲಿ ಏರುತ್ತದೆ, ಎಲ್ಲಿ ತೀರುತ್ತದೆ ಎಂದು ಕಿವಿಗೊಟ್ಟು. ಬಸುರಿಯಾದ ಸುದ್ದಿ ಹೇಳಲೆಂದು ಅವಳು ಥಿಯೇಟರಿಗೆ ಹೋದ ದಿನವೇ ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದರು. ಅದರಲ್ಲಿ ಟಿವಿಯ ತಾರೆಯೊಬ್ಬಳ ಮುಖವಿತ್ತು. ತನ್ನ ಪಾತ್ರ, ತನ್ನ ಹಾಡು ಎರಡೂ ಹೋದವೆಂದು ಅವಳಿಗೆ ತಿಳಿಸಿದ್ದು ಗೋಂದು ಬಳಿಯುವವನ ಕುಂಚ. ಕುನಿಹಿಕೊ ಒಂದು ಮಾತೂ ಆಡಿರಲಿಲ್ಲ.

ಹುಡುಕಬೇಡ ಎಂದಷ್ಟೇ ಹೇಳಿ ಅವಳು ಊರು ಬಿಟ್ಟಳು. ಮಗುವಿನ ವಿಷಯ ಅವನಿಗೆ ತಿಳಿಸದೇ ಹೋದದ್ದು ಅವಳ ಮೊದಲ ಸೇಡು.

ಆಮೇಲೆ ದೂರದ ನೀಗತಾ ಊರಿನ ಹೋಟೆಲುಗಳ ಮದುವೆಗಳಲ್ಲಿ ಹಾಡಿದಳು. ದೊಡ್ಡ ಅಂಗಡಿಗಳ ಮಾಳಿಗೆಯ ಮೇಲೆ ಮೊಲದ ವೇಷ ಹಾಕಿ ಮಕ್ಕಳನ್ನು ಕುಣಿಸಿದಳು. ಟೋಕಿಯೊಗೆ ಮರಳಿ ಹಾಡುಗಾರರ ಮೇಳದ ಹಿಂದಿನ ಸಾಲಿನಲ್ಲಿ ನಿಂತಳು. ಅಲ್ಲಿಂದ ಒಂದೊಂದೇ ಹೆಜ್ಜೆ ಮುಂದಕ್ಕೆ. ಅದೇ ನಾಟಕ ಮತ್ತೆ ಕಟ್ಟುವವರು ಮುಖ್ಯ ಪಾತ್ರಕ್ಕೆ ಅವಳನ್ನು ಕರೆದಾಗ ಅವಳು ಕೇಳಿದ್ದು ಒಂದೇ: "ವಾದ್ಯಮೇಳ ನಡೆಸೋಕೆ ಹಾಯಸೆ ಅವರೇ ಬರಬೇಕು."

ಯಾಕೆಂದರೆ ಆ ಹಾಡಿನ ಕೊನೆಗೆ ಒಂದು ನೀಳ ಸ್ವರವಿದೆ. ವಾದ್ಯಗಳೆಲ್ಲ ನಿಲ್ಲುತ್ತವೆ. ಹಾಡುವವಳು ಸ್ವರ ಬಿಡುವವರೆಗೆ ನಡೆಸುವವನು ಎತ್ತಿದ ಕೈ ಇಳಿಸುವಂತಿಲ್ಲ, ಅವಳ ಮುಖದಿಂದ ಕಣ್ಣು ತೆಗೆಯುವಂತಿಲ್ಲ. ಚಿಗುಸಾ ದಿನದಿನಕ್ಕೂ ಆ ಸ್ವರವನ್ನು ಎಳೆಯುತ್ತ ಹೋದಳು. ಅವನ ಕೈ ನಡುಗುವುದನ್ನು ಮೇಲಿನಿಂದ ನೋಡುತ್ತ, ನಗುತ್ತ.

"ಮೇಷ್ಟ್ರೇ, ನಿಮ್ಮ ಕೈಗೊಂದು ಕುರ್ಚಿ ಹಾಕಿಸೋಣ್ವಾ?" ಎಂದು ಪಿಟೀಲಿನವರು ತಮಾಷೆ ಮಾಡುವಷ್ಟು.

ಅಸಲು ಸೇಡು ಇವತ್ತಿಗೆ ಮೀಸಲು. ಕೊನೆಯ ದಿನ ಪರದೆ ಬಿದ್ದ ಮೇಲೆ ಮುಖ್ಯ ನಟಿ ಮುಂದೆ ಬಂದು ಎರಡು ಮಾತಾಡುವುದು ವಾಡಿಕೆ. ಆ ಮಾತುಗಳನ್ನು ಅವಳು ಬಾಯಿಪಾಠ ಮಾಡಿದ್ದಳು: ಈ ಹಾಡು ನನಗಾಗಿ ಬರೆದದ್ದು. ಬರೆದವನೇ ಕಿತ್ತು ಬೇರೆಯವಳಿಗೆ ಕೊಟ್ಟ. ಆವತ್ತು ನಾನು ಬಸುರಿ. ಅವನು ಇಗೋ, ಇಲ್ಲೇ ನಿಂತಿದ್ದಾನೆ.

ಬಣ್ಣದ ಕೋಣೆಯಲ್ಲಿ ಉಡುಪು ತೊಡಿಸುವ ತೊಮಿಯೆ ಅಜ್ಜಿ ಇಬುಕಿಯ ತಲೆ ಬಾಚುತ್ತ, "ಹೊರಗೆ ಚಾಚಿರೋ ಈ ಕಿವೀನ ಎಲ್ಲೋ ನೋಡಿದೀನಲ್ಲೇ ತಾಯಿ?" ಎಂದಳು.

"ಕೂದಲು ಬಾಚಿ ಅಜ್ಜಿ, ಕಿವಿ ಬಿಡಿ," ಎಂದಳು ಚಿಗುಸಾ. ಇಬುಕಿ ಕನ್ನಡಿಯಲ್ಲಿ ತನ್ನ ಕಿವಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಕೋಣೆಯ ಹೊರಗಿನ ಓಣಿಯಲ್ಲಿ ಕುನಿಹಿಕೊ ಎದುರಾದ. ಮುಂಗೈಗೆ ಪಟ್ಟಿ ಸುತ್ತಿಕೊಂಡಿದ್ದ.

"ಗುಡ್ ಮಾರ್ನಿಂಗ್, ಹಾಯಸೆ ಅವರೇ." ಥಿಯೇಟರಿನಲ್ಲಿ ಎಷ್ಟು ಹೊತ್ತಿಗೆ ಬಂದರೂ ಅದೇ ಮಾತು. ಈ ನಾಟಕ ಶುರುವಾದಂದಿನಿಂದ ಅವಳು ಅವನಿಗೆ ಅಷ್ಟನ್ನೇ ಕೊಡುತ್ತಿದ್ದಳು.

"ಗುಡ್ ಮಾರ್ನಿಂಗ್. ಪರದೆ... ಬಂತಾ?"

"ಬಂತು. ದಾರೀಲಿ ಎಂಟು ವರ್ಷ ಟ್ರಾಫಿಕ್ಕಾ?"

"ಆವಾಗಲೇ ಮಾಡಿಸಿದ್ದೆ. ಆಮೇಲೆ ಕೊಡೋಕೆ ಮುಖ ಇರಲಿಲ್ಲ."

"ಈಗ ಬಂತಾ ಮುಖ?"

"ಇಲ್ಲ. ಅದಕ್ಕೇ ಕೊರಿಯರ್ ಮಾಡಿದ್ದು."

ನಗು ತುಟಿಯಂಚಿಗೆ ಬಂದೇಬಿಟ್ಟಿತ್ತು. ಚಿಗುಸಾ ಅದನ್ನು ಕಚ್ಚಿ ಹಿಡಿದಳು. ನೀರು ಬೆರೆತ ಹಾಲಿನಂತೆ, ನಗು ಬೆರೆತ ಸಿಟ್ಟೂ ಗಟ್ಟಿಯಾಗಿ ಕೆನೆಗಟ್ಟುವುದಿಲ್ಲ.

"ಕೈಗೇನು ಪಟ್ಟಿ?"

"ಎಲ್ಲಾ ನಿಮ್ಮ ದಯೆ."

ಅವನ ಕಣ್ಣು ಅವಳ ಕಣ್ಣನ್ನು ಮುಟ್ಟಿ ಒಂದು ಗಳಿಗೆ ನಿಂತಿತು. ಅದೇ ಹಳೆಯ ನೋಟ, ಮುಂದಿನ ಸಾಲಿಗೆ ಉಸಿರು ತಗೊಂಡೆಯಾ ಎಂದು ಕೇಳುವಂಥದ್ದು. ಅವಳು ಮುಖ ತಿರುಗಿಸಿ ನಡೆದಳು.

ರಂಗದ ಪಕ್ಕದಲ್ಲಿ ಒಂದು ಪುಟ್ಟ ಟಿವಿ ತೆರೆಯಿದೆ. ಕೆಳಗೆ ನಿಂತು ಮೇಳ ನಡೆಸುವವನ ಮುಖ ಮರೆಯಲ್ಲಿರುವ ನಟರಿಗೂ ಕಾಣಲೆಂದು. ತೊಮಿಯೆ ಅಜ್ಜಿ ಇಬುಕಿಯನ್ನು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿದಳು. ಮಗು ನಾಟಕ ನೋಡಲೇ ಇಲ್ಲ. ತನ್ನ ಕಿವಿಯ ಮೇಲೆ ಬೆರಳಿಟ್ಟು ಆ ತೆರೆಯನ್ನೇ ನೋಡುತ್ತ ಕೂತಿತು.

ಹಾಡು ಬಂತು. ನೀಳ ಸ್ವರ ಬಂತು. ವಾದ್ಯಗಳು ನಿಂತವು, ಅವನ ಕೈ ಮೇಲೇರಿತು. ಚಿಗುಸಾ ಹಿಡಿದಳು. ಇಳಿಸು, ಬಿದ್ದುಹೋಗಲಿ ನಿನ್ನ ಕೈ, ಎಲ್ಲರ ಎದುರಿಗೇ ಬೀಳಲಿ. ಪಟ್ಟಿ ಸುತ್ತಿದ ಕೈ ನಡುಗಿತು. ಬೀಳಲಿಲ್ಲ. ಅವನ ಎದೆಯೂ ಅಲುಗುತ್ತಿರಲಿಲ್ಲ. ಅವಳ ಜೊತೆ ಅವನೂ ಉಸಿರು ಬಿಗಿಹಿಡಿದಿದ್ದ.

ಅವಳ ಉಸಿರು ತೀರತೊಡಗಿತು. ಬಿಡಲು ಹಟ ಬಿಡಲಿಲ್ಲ. ಸ್ವರ ಅಂಚಿನಲ್ಲಿ ಬಿರಿಯತೊಡಗಿದ್ದು ಇಡೀ ಥಿಯೇಟರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಾಯಿತು. ಅವನು ಸುಮ್ಮನೆ ಕೈ ಎತ್ತಿ ನಿಂತಿದ್ದರೆ ಸಾಕಿತ್ತು. ತುಂಬಿದ ಸಭೆಯ ಮುಂದೆ ಅವಳ ಗಂಟಲು ಒಡೆಯುತ್ತಿತ್ತು, ಅವನ ಲೆಕ್ಕವೂ ಚುಕ್ತಾ ಆಗುತ್ತಿತ್ತು.

ಅವನ ಕೈ ಇಳಿಯಿತು. ವಾದ್ಯಗಳು ಒಮ್ಮೆಲೇ ಉಕ್ಕಿ ಬಂದು ಒಡೆಯುತ್ತಿದ್ದ ಸ್ವರವನ್ನು ಮುಚ್ಚಿಕೊಂಡವು. ಹಾಡು ಇರುವುದೇ ಹಾಗೆ ಎಂದುಕೊಂಡ ಜನ ಚಪ್ಪಾಳೆ ತಟ್ಟಿದರು.

ಕೊನೆಗೆ ಅವಳು ಒಬ್ಬಳೇ ಮುಂದೆ ಬಂದಳು. ವಾಡಿಕೆಯಂತೆ ಅವನನ್ನೂ ಮೇಲೆ ಕರೆದಿದ್ದರು.

"ಈ ಹಾಡು ನನಗಾಗಿ ಬರೆದದ್ದು," ಎಂದಳು.

ಅವನ ಮುಖ ಬಿಳಿಚಿತು. ಆದರೂ ಅವನು ಕದಲಲಿಲ್ಲ. ಮುಂದಿನ ಮಾತು ನಾಲಿಗೆಯ ಮೇಲಿತ್ತು. ಆಗ ಪಕ್ಕದ ಮರೆಯಲ್ಲಿ ಇಬುಕಿ ಕಂಡಳು. ಖಾಲಿಯಾದ ಆ ಪುಟ್ಟ ತೆರೆಯ ಮೇಲೆ ಅಂಗೈ ಇಟ್ಟುಕೊಂಡು, ಅಮ್ಮ ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದಳು.

"ಬರೆದವರು ಇಲ್ಲೇ ಇದ್ದಾರೆ. ಇವತ್ತು ನನ್ನ ಉಸಿರು ತಪ್ಪಿತು. ಅವರು ಹಿಡಿದುಕೊಂಡರು."

ಕುನಿಹಿಕೊ ಅವಳಿಗೆ ಸೊಂಟ ಬಾಗಿಸಿ ವಂದಿಸಿದ. ಚಪ್ಪಾಳೆ ಕರಗಿದರೂ ತಲೆ ಎತ್ತಲಿಲ್ಲ.

"ಕ್ಷಮಿಸಿಬಿಟ್ಟೆ ಅಂದ್ಕೋಬೇಡಿ," ಎಂದಳು ಓಣಿಯಲ್ಲಿ, ಮುಂದೆ ಮುಂದೆ ನಡೆಯುತ್ತ.

"ಪೂರ್ತಿ ಹೇಳ್ತೀರಿ ಅಂದ್ಕೊಂಡಿದ್ದೆ."

"ಹೇಳಿದ್ರೆ ಏನ್ ಮಾಡ್ತಿದ್ರಿ?"

"ಈ ಸಲ ಓಡ್ತಿರಲಿಲ್ಲ."

ಅವಳು ಗಕ್ಕನೆ ತಿರುಗಿದಳು. "ಆವತ್ತು ನನ್ನ ಹಾಡು ಯಾಕೆ ಕೊಟ್ಟೆ ನೀನು?"

'ನೀನು' ಎಂದದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

"ಹೆದರಿದೆ. ಆ ತಾರೆ ಇಲ್ಲದಿದ್ರೆ ನಾಟಕಾನೇ ಇಲ್ಲ ಅಂದ್ರು. ಆಮೇಲೆ ನಿನಗೆ ಹೇಳೋಕೂ ಹೆದರಿದೆ. ಚೆಂದ ಮಾಡಿ ಹೇಳೋಕೆ ಇನ್ನೇನೂ ಇಲ್ಲ, ಚಿಗುಸಾ."

"ಹುಡುಕಲೂ ಇಲ್ಲ."

"ಬೇಡ ಅಂತ ನೀನೇ ಅಂದಿದ್ದೆ."

"ಹೇಳಿದ್ದನ್ನೆಲ್ಲ ಕೇಳೋನಾ ನೀನು!"

ಅವಳ ಕಣ್ಣು ತುಂಬಿತು. ಪಟ್ಟಿ ಸುತ್ತಿದ ಅವನ ಮುಂಗೈ ಹಿಡಿದು ಒತ್ತಿದಳು.

"ನೋಯುತ್ತಾ?"

"ನೋಯುತ್ತೆ."

"ನೋಯಲಿ," ಎಂದಳು. ಕೈ ಮಾತ್ರ ಬಿಡಲಿಲ್ಲ.

ಅವಳ ಕೋಣೆಯ ಬಾಗಿಲಿಗೆ ನೇರಳೆ ಪರದೆ ಇಳಿಬಿದ್ದಿತ್ತು. ಮನೆಯಲ್ಲೇ ಬಿಟ್ಟೆನೆಂದುಕೊಂಡಿದ್ದಳು. ಮಗು ಅದನ್ನು ತನ್ನ ಚೀಲದಲ್ಲಿ ತಂದು, ಅಜ್ಜಿಯನ್ನು ಕಾಡಿ ಈಗಷ್ಟೇ ಹಾಕಿಸಿತ್ತು. ಪರದೆ ಸರಿಸಿ ಇಬುಕಿ ಹೊರಗೆ ಬಂದಳು.

ಕುನಿಹಿಕೊ ಮಗುವಿನ ಮುಖ ನೋಡಿದ, ಕಿವಿ ನೋಡಿದ. ಅವನ ಕೈ ತಾನಾಗಿ ತನ್ನ ಕಿವಿಗೆ ಹೋಯಿತು.

"ಹೆಸರು?" ಎಂದ.

"ಇಬುಕಿ," ಎಂದಳು ಚಿಗುಸಾ. ಉಸಿರು ಎಂದು ಅರ್ಥ. ಅವನು ಗೋಡೆ ಹಿಡಿದು ಮೊಣಕಾಲೂರಿದ.

ಅವನು ಹೀಗೆ ಕುಸಿಯುವುದನ್ನು ಅವಳು ಎಂಟು ವರ್ಷ ಕನಸಿನಲ್ಲಿ ಕಂಡಿದ್ದಳು. ಈಗ ನೋಡಲಾಗಲಿಲ್ಲ.

ಇಬುಕಿ ಬಾಯಿ ತೆರೆದಳು, ಅಮ್ಮನ ಮುಖ ನೋಡಿದಳು, ಮುಚ್ಚಿದಳು. ಮತ್ತೆ ತೆರೆದಳು. ಈ ಸಲ ಅಮ್ಮನ ಕಡೆ ನೋಡಲಿಲ್ಲ.

"ಇಷ್ಟು ದಿನ ಎಲ್ಲಿದ್ರಿ, ಅಪ್ಪಾ?"