ಸ್ವಾನೆನ್ ಚಿತ್ರಮಂದಿರದ ಗಂಟಲು

೧೯೩೦ನೇ ಇಸವಿ ಏಪ್ರಿಲ್ ೧೦, ಗುರುವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಓರ್ಹೂಸ್ ಪಟ್ಟಣದ ಪೊಲೀಸ್ ಠಾಣೆಯ ಬಾಗಿಲನ್ನು ಹೆಚ್ಚುಕಡಿಮೆ ಮುರಿದುಕೊಂಡೇ ಒಳಬಂದವನು ಸ್ವಾನೆನ್ ಚಿತ್ರಮಂದಿರದ ಮಾಲೀಕ ಕ್ರೋನ್.

“ಸಾಹೇಬ್ರೇ, ನನ್ನ ಸಿನಿಮಾದ ಗಂಟಲು ಕದ್ದುಬಿಟ್ಟಿದಾರೆ!”

ಇನ್ಸ್‌ಪೆಕ್ಟರ್ ವಿಗ್ಗೋ ಸ್ಟೇನ್ ಕಾಫಿಯಲ್ಲಿ ಅದ್ದಿದ್ದ ಬನ್ನನ್ನು ಹಾಗೇ ಹಿಡಿದು ನೋಡಿದ. ಅವನ ಮೀಸೆ ಬಾಯಿಯನ್ನು ಪೂರ್ತಿ ಮುಚ್ಚುವಷ್ಟು ದಟ್ಟ. ಅದರ ಹಿಂದಿನಿಂದ ಪ್ರಶ್ನೆ ಬಂತು. “ಕೂತ್ಕೊಂಡು ಹೇಳಿ. ಗಂಟಲು ಅಂದ್ರೆ?”

ಕ್ರೋನ್ ಹೇಳಿದ್ದನ್ನು ಕಾನ್‌ಸ್ಟೆಬಲ್ ಯೆಪ್ಪೆ ದೂರಿನಲ್ಲಿ ಬರೆದುಕೊಂಡ. ಆ ಸಂಜೆ ಏಳಕ್ಕೆ ಸ್ವಾನೆನ್‌ನಲ್ಲಿ ಮೊಟ್ಟಮೊದಲ ಟಾಕಿ. ನಗರಾಧ್ಯಕ್ಷರು ಹೆಂಡತಿ ಸಮೇತ ಬರುವವರಿದ್ದರು. ಚಿತ್ರದ ಮಾತು, ಹಾಡು ಎಲ್ಲವೂ ಊಟದ ಹರಿವಾಣದಷ್ಟು ಅಗಲದ ಧ್ವನಿತಟ್ಟೆಗಳಲ್ಲಿದ್ದವು. ಪರದೆಯ ಮೇಲೆ ಚಿತ್ರ ಓಡುವಾಗ ಯಂತ್ರದ ಮೇಲೆ ತಟ್ಟೆ ತಿರುಗಬೇಕು. ಈಗ ಫಿಲ್ಮ್ ಇದೆ, ಯಂತ್ರ ಇದೆ, ಬೆಳಿಗ್ಗೆ ಎಂಟರವರೆಗೂ ಇದ್ದ ತಟ್ಟೆಗಳ ಪೆಟ್ಟಿಗೆ ಮಾತ್ರ ಇಲ್ಲ.

“ಬೇರೆ ತರಿಸೋಕಾಗಲ್ವಾ?”

“ಕೋಪನ್‌ಹೇಗನ್‌ನಿಂದ ಬರ್ಬೇಕು. ಶನಿವಾರದ ಒಳಗೆ ಬರಲ್ಲ.”

“ಸಿಗದಿದ್ರೆ ಇವತ್ತು ಏನು ತೋರಿಸ್ತೀರಿ?”

“ಕಪಾಟಿನಲ್ಲಿ ಹಳೇ ಮೂಕಿ ಇದೆ. ಅದನ್ನೇ ಓಡಿಸ್ಬೇಕು. ಊರೆಲ್ಲ ನನ್ನ ಮುಖಕ್ಕೆ ನಗುತ್ತೆ.”

“ಯಾರ ಮೇಲಾದರೂ ಅನುಮಾನ?”

“ಆಲ್ಬೆಕ್! ನಮ್ಮ ಪಿಟೀಲಿನವನು. ಟಾಕಿ ಬಂತು ಅಂತ ವಾದ್ಯದವರನ್ನೆಲ್ಲ ಬಿಡಿಸಿದೆ. ‘ನಿನ್ನ ಯಂತ್ರಕ್ಕೆ ಹುಳ ಬೀಳ’ ಅಂತ ಎದುರಿಗೇ ಶಪಿಸಿ ಹೋದ.”

ಮೂಕಿ ಓಡಿದರೆ ಲಾಭ ಯಾರಿಗೆ? ಅದಕ್ಕೆ ಸಂಗೀತ ನುಡಿಸುವ ವಾದ್ಯದವರಿಗೆ. ಲೆಕ್ಕ ಸರಿಯಾಗಿತ್ತು. ಹತ್ತು ಗಂಟೆಗೆ ಸ್ಟೇನ್ ಮತ್ತು ಯೆಪ್ಪೆ ಆಲ್ಬೆಕ್‌ನ ಮನೆ ಬಾಗಿಲು ತಟ್ಟಿದರು. ಅವನು ಕನ್ನಡಿಯ ಮುಂದೆ ಹೊಸ ಬೋ ಟೈ ಕಟ್ಟಿಕೊಳ್ಳುತ್ತ ಶಿಳ್ಳೆ ಹಾಕುತ್ತಿದ್ದ.

“ಎಂಟು ಗಂಟೆಗೆ ಎಲ್ಲಿದ್ರಿ?”

“ಬಂದರಿನ ಹೊಸ ಹೋಟೆಲಲ್ಲಿ, ತಾಲೀಮಿಗೆ. ಡಾನ್ಸ್ ವಾದ್ಯಕ್ಕೆ ನಾನೇ ಮುಂದಾಳು.”

“ಕ್ರೋನ್‌ಗೆ ಶಾಪ ಹಾಕಿದ್ರಂತೆ?”

“ಹಾಕಿದೆ. ಈಗ ವಾಪಸ್ ತಗೊಂಡೆ. ಹನ್ನೆರಡು ವರ್ಷ ಪರದೆ ಕೆಳಗಿನ ಕತ್ತಲ ಗುಂಡಿಯಲ್ಲಿ ಕೂತು ಬಾರಿಸಿದೆ ಸಾಹೇಬ್ರೇ, ಜನ ನಾಯಕಿಯ ಮುಖ ನೋಡಿದ್ರು. ಈಗ ನನ್ನ ಮುಖ ನೋಡ್ತಾರೆ. ಆ ಯಂತ್ರಕ್ಕೆ ದಿನಾ ಹೂ ಹಾಕ್ಬೇಕು ನಾನು.”

ಹೋಟೆಲಿನವರು ಅವನ ಮಾತಿಗೆ ಸಾಕ್ಷಿ ನುಡಿದರು. ಅನುಮಾನದ ಗೋಡೆ ಬಿದ್ದುಹೋಯಿತು.

ಹನ್ನೊಂದಕ್ಕೆ ಸ್ಟೇನ್ ಚಿತ್ರಮಂದಿರದ ಹಿಂದಿನ ಅಂಗಳದಲ್ಲಿ ಪಂಚನಾಮೆ ಮಾಡಿಸಿದ. ಬೆಳಿಗ್ಗೆ ಕಲ್ಲಿದ್ದಲು ಇಳಿಸಲು ಹಿಂಬಾಗಿಲು ತೆರೆದಿಟ್ಟಿದ್ದರು. ಅಲ್ಲಿಂದ ಕಬ್ಬಿಣದ ಮೆಟ್ಟಿಲು ನೇರ ಯಂತ್ರದ ಕೋಣೆಗೆ. ಬೀಗ ಮುರಿದಿಲ್ಲ. ದುಬಾರಿ ಬಲ್ಬುಗಳು ಕೈಗೆಟುಕುವಲ್ಲೇ ಇದ್ದರೂ ಯಾರೂ ಮುಟ್ಟಿಲ್ಲ. ಮೆಟ್ಟಿಲ ಕೆಳಗೆ ಒಂದು ತಗಡಿನ ಬಕೆಟ್ ನೆಗ್ಗಿ ಬಿದ್ದಿತ್ತು.

ಎದುರಿನ ಹಾಲಿನ ಅಂಗಡಿಯ ಸೋರಿನೆ, ಕರೆಯುವ ಮೊದಲೇ ಸಾಕ್ಷಿಯಾಗಿ ಬಂದು ನಿಂತಳು.

“ನಾನು ನೋಡ್ದೆ. ಒಬ್ಬ ಹೆಂಗಸು. ಹಸಿರು ಟೋಪಿ. ಕೈಯಲ್ಲಿ ಚಪ್ಪಟೆ ಪೆಟ್ಟಿಗೆ.”

“ಓಡಿದಳಾ?”

“ಎಲ್ಲಿ ಓಡೋದು! ಪೆಟ್ಟಿಗೆ ತಗುಲಿ ಆ ಬಕೆಟ್ಟು ಮೇಲಿಂದ ಕೆಳಗಿನವರೆಗೂ ಉರುಳ್ತು. ಕಪಾಟು ಹತ್ತಿದ ನನ್ನ ಬೆಕ್ಕು ಇನ್ನೂ ಇಳಿದಿಲ್ಲ. ಆ ಮಹಾತಾಯಿ ಮಾತ್ರ ಮದುವೆಗೆ ಹೊರಟೋಳ ಹಾಗೆ ಮೆತ್ತಗೆ ಇಳಿದು ಹೋದಳು. ‘ಬಾಗಿಲು ಹಾಕೇ ಮಾರಾಯ್ತಿ’ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ತಿರುಗಿ ಕೂಡ ನೋಡ್ಲಿಲ್ಲ. ಏನು ಜಂಬ!”

ಸ್ಟೇನ್ ಯೆಪ್ಪೆಯನ್ನು ಅಂಗಳದಲ್ಲಿ ನಿಲ್ಲಿಸಿ, ತಾನು ಬಕೆಟ್ ಹಿಡಿದು ಮೆಟ್ಟಿಲು ಹತ್ತಿದ. ತುದಿಯಿಂದ ಒಂದು ಒದೆ ಕೊಟ್ಟ. ಯೆಪ್ಪೆ ಒಂದು ಗೇಣು ಮೇಲಕ್ಕೆ ಹಾರಿದ.

“ಸಾಯ್ಸಿಬಿಟ್ರಲ್ಲ ಸಾಹೇಬ್ರೇ!”

“ಬೀಳುತ್ತೆ ಅಂತ ಗೊತ್ತಿದ್ದೂ ಬೆಚ್ಚಿದೆ ನೀನು. ಕದ್ದ ಮಾಲು ಕೈಯಲ್ಲಿ ಹಿಡಿದೋಳು ಬೆಚ್ಚಲಿಲ್ಲ. ಯಾಕೆ?”

“ಗುಂಡಿಗೆ ಗಟ್ಟಿ ಇರ್ಬೇಕು.” ಯೆಪ್ಪೆ ಎದೆ ಒತ್ತಿಕೊಂಡು ಯೋಚಿಸಿದ. “ಇಲ್ಲಾ... ಕಿವಿ ಕೇಳಿಸಲ್ವೇನೋ.”

ಸ್ಟೇನ್ ನೇರ ಕ್ರೋನ್‌ನ ಬಳಿಗೆ ನಡೆದ.

“ನಿಮ್ಮಲ್ಲಿಗೆ ಕಿವುಡರು ಬರ್ತಾರಾ?”

“ಬರದೇ ಏನು? ಪ್ರತಿ ಗುರುವಾರ, ಬಾಲ್ಕನಿಯ ಮುಂದಿನ ಸಾಲು ಅವರದ್ದೇ. ಒಳ್ಳೇ ಜನ. ಒಂದೇ ತೊಂದರೆ, ನಾಯಕ ಮಂಡಿಯೂರಿ ಅತ್ತರೆ ಊರೆಲ್ಲ ಅಳುತ್ತೆ, ಇವರು ಬಿದ್ದು ಬಿದ್ದು ನಗ್ತಾರೆ.”

“ಅವರಲ್ಲಿ ಹಸಿರು ಟೋಪಿ ಯಾರದು?”

ಕ್ರೋನ್‌ನ ಬಾಯಿ ತೆರೆದುಕೊಂಡಿತು. “ಡಾಗ್ನಿ ಹೋಲ್ಸ್ಟ್! ಟೋಪಿ ತೆಗೆಸಿ ಅಂತ ಹಿಂದಿನ ಸಾಲಿನವರು ಎಷ್ಟು ಸಲ ಜಗಳ ಆಡಿದಾರೆ... ಛೇ, ಅವಳು ಕದಿಯೋಳಲ್ಲ ಸಾಹೇಬ್ರೇ.”

ಕ್ಲೋಸ್ಟರ್ ಬೀದಿಯ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಾಗ್ನಿ ಕೋಟಿಗೆ ಅಸ್ತರು ಹೊಲಿಯುತ್ತಿದ್ದಳು. ಐವತ್ತು ದಾಟಿದ, ಗುಂಡುಮುಖದ ಹೆಂಗಸು. ಸ್ಟೇನ್ ಎದುರು ನಿಂತು ಬಂದ ಕಾರಣ ಹೇಳಿದ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಅವನು ಇನ್ನೂ ಜೋರಾಗಿ ಹೇಳಿದ. ಅವಳು ತಲೆಯಾಡಿಸಿ, ಏರಿಳಿತವಿಲ್ಲದ ಒರಟು ದನಿಯಲ್ಲಿ ಹೇಳಿದಳು:

“ಕೂಗಬೇಡಿ. ತುಟಿ ಕಂಡರೆ ಸಾಕು ನಂಗೆ. ನಿಮ್ಮ ಮೀಸೆ ಏನೂ ಹೇಳ್ತಿಲ್ಲ.”

ಯೆಪ್ಪೆ ನಗು ತಡೆಯಲು ಕೆಮ್ಮಿದ. ಅವನ ಮುಖ ನುಣ್ಣಗೆ ಬೋಳಿಸಿತ್ತು. ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಹಿಂದೆ ಸರಿದು ಅವನನ್ನು ಮುಂದಕ್ಕೆ ತಳ್ಳಿದ. ಮುಂದಿನ ವಿಚಾರಣೆಯೆಲ್ಲ ಯೆಪ್ಪೆಯದು.

“ಬೆಳಿಗ್ಗೆ ಸ್ವಾನೆನ್‌ಗೆ ಹೋಗಿದ್ರಾ?”

“ಹೋಗಿದ್ದೆ.”

“ತಟ್ಟೆಗಳು?”

ಅವಳು ಎದ್ದು ಇಸ್ತ್ರಿ ಮೇಜಿನ ಕೆಳಗಿಂದ ಉಣ್ಣೆ ಬಟ್ಟೆಯಲ್ಲಿ ಸುತ್ತಿದ ಪೆಟ್ಟಿಗೆಯನ್ನು ಎಳೆದಳು. “ಒಂದು ಗೀರೂ ಬಿದ್ದಿಲ್ಲ. ನಾಳೆ ನಾನೇ ತಂದಿಡ್ತಿದ್ದೆ.”

“ಸದ್ದಾಗಿದ್ದು ಗೊತ್ತಾಗಲಿಲ್ವಾ?”

“ಸದ್ದಾಯ್ತಾ?” ಅವಳ ಮುಖ ಕೆಂಪಾಯಿತು. “ಅಯ್ಯೋ! ಬೆಕ್ಕಿನ ಹಾಗೆ ಹೋಗಿ ಬಂದೆ ಅಂದ್ಕೊಂಡಿದ್ದೆ.”

“ಯಾಕೆ ಕದ್ದಿರಿ?”

“ಇವತ್ತು ನಮ್ಮ ಲೌರಿಟ್ಸ್‌ಗೆ ಎಪ್ಪತ್ತು ತುಂಬ್ತು. ಚಮ್ಮಾರ ಲೌರಿಟ್ಸ್. ಅವನನ್ನ ಸಿನಿಮಾಕ್ಕೆ ಕರ್ಕೊಂಡು ಹೋಗ್ತೀವಿ ಅಂದಿದ್ವಿ. ಟಾಕಿಯಲ್ಲಿ ಮೂಕಿಯ ಹಾಗೆ ಓದೋಕೆ ಬರಹ ಇರಲ್ಲ. ಕಡೇ ಒಂದು ಗುರುವಾರ ಬೇಕಿತ್ತು, ಅಷ್ಟೇ.”

ಮಧ್ಯಾಹ್ನ ಮೂರು ಗಂಟೆಗೆ ದಸ್ತಗಿರಿ. ಕೈಕೋಳ ಹಾಕಲಿಲ್ಲ, ಕೈಸನ್ನೆಯಲ್ಲಿ ಮಾತಾಡುವವಳ ಕೈ ಕಟ್ಟಿದರೆ ಬಾಯಿ ಕಟ್ಟಿದಂತೆ ಎಂದು ಯೆಪ್ಪೆ ಹೇಳಿದ್ದು ಸ್ಟೇನ್‌ಗೆ ಸರಿಯೆನಿಸಿತು. ತಟ್ಟೆಗಳು ರಸೀದಿಯ ಮೇಲೆ ಕ್ರೋನ್‌ಗೆ ಮರಳಿದವು. ಅವನು ಪೆಟ್ಟಿಗೆಯನ್ನು ಮಗುವಿನಂತೆ ತಬ್ಬಿಕೊಂಡು, “ಶಿಕ್ಷೆ ಗಿಕ್ಷೆ ಬೇಡ ಸಾಹೇಬ್ರೇ, ಭಾನುವಾರ ಬೆಳಿಗ್ಗೆ ಅವರಿಗೊಂದು ಮೂಕಿ ಹಾಕ್ತೀನಿ ಅಂತ ಹೇಳಿ” ಎಂದ. ಆದರೆ ದೂರು ದಾಖಲಾಗಿತ್ತು. ಮುಂದಿನದು ನ್ಯಾಯಾಧೀಶರ ಕೆಲಸ. ಅವರು ಮರುವಾರ ಎಚ್ಚರಿಕೆ ಕೊಟ್ಟು ಬಿಟ್ಟರು.

ಅಂದು ಸಂಜೆ ಮಾತ್ರ ಜಾಮೀನು ಕೊಡಲು ಬಾಲ್ಕನಿ ಸಾಲಿನ ಗೆಳೆಯರ ದಂಡೇ ಠಾಣೆಗೆ ಬಂತು. ಜೊತೆಗೆ ಕೇಕು, ಕಾಫಿ ಪಾತ್ರೆ. ಕಾಗದಪತ್ರ ಮುಗಿಯುವವರೆಗೆ ಸುಮ್ಮನೆ ಯಾಕೆ ಕೂರುವುದೆಂದು ಮುದುಕ ಲೌರಿಟ್ಸ್ ಬೆಂಚಿನ ಮುಂದೆ ನಿಂತು ಕೈಯಲ್ಲೇ ಒಂದು ಸಿನಿಮಾ ಶುರುಮಾಡಿದ. ಅವನ ಬೆರಳಲ್ಲಿ ಕುದುರೆ ಓಡಿತು, ಹಡಗು ಮುಳುಗಿತು. ಆಮೇಲೆ ಒಬ್ಬ ನಾಯಕ ಮಂಡಿಯೂರಿ, ಕಣ್ಣೀರು ಸುರಿಸುತ್ತ ಏನೋ ಹೇಳಿದ. ಬೆಂಚೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸ್ಟೇನ್‌ಗೆ ತಡೆಯಲಾಗಲಿಲ್ಲ. ಡಾಗ್ನಿಯ ತೋಳು ತಟ್ಟಿ, ಮೀಸೆಯನ್ನು ಎರಡು ಬೆರಳಿಂದ ಮೇಲೆತ್ತಿ ಕೇಳಿದ: “ಏನಂದ?”

“ಅದು ನಾವು ಸ್ವಾನೆನ್‌ನಲ್ಲಿ ನೋಡಿದ ಚಿತ್ರ ಸಾಹೇಬ್ರೇ. ಪರದೆ ಮೇಲೆ ‘ನೀನಿಲ್ಲದೆ ಬದುಕಲಾರೆ’ ಅಂತ ಬರಹ. ನಾಯಕನ ತುಟಿ ಹೇಳಿದ್ದು, ‘ಬೇಗ ಮುಗಿಸ್ರೋ, ಬೂಟು ಕಚ್ತಾ ಇದೆ’ ಅಂತ.”

ಇನ್ಸ್‌ಪೆಕ್ಟರ್ ಗಹಗಹಿಸಿ ನಕ್ಕ. ಅಷ್ಟರಲ್ಲಿ ಉಳಿದವರ ನಗು ಮುಗಿದು ಲೌರಿಟ್ಸ್ ಮುಂದಿನ ದೃಶ್ಯಕ್ಕೆ ಹೋಗಿಯಾಗಿತ್ತು. ಕೋಣೆಯಲ್ಲಿ ಒಬ್ಬನೇ ನಗುತ್ತಿದ್ದುದು ತನ್ನ ಕಿವಿಗೇ ಕೇಳಿ ಅವನು ಸುಮ್ಮನಾದ.

ಡಾಗ್ನಿ ಅವನನ್ನೇ ನೋಡುತ್ತಿದ್ದಳು. “ನಮ್ಮಣ್ಣನ ಮನೆ ಊಟದ ಮೇಜಲ್ಲಿ ನಂಗೆ ದಿನಾ ಹೀಗೇ. ಎಲ್ಲರೂ ನಗ್ತಾರೆ. ಏನು ಅಂತ ಕೇಳಿದ್ರೆ, ಆಮೇಲೆ ಹೇಳ್ತೀವಿ ಅಂತಾರೆ. ಸ್ವಾನೆನ್‌ನಲ್ಲಿ ಮಾತ್ರ ಊರಿನ ಜೊತೆಗೇ ನಗ್ತಿದ್ದೆ. ಒಂದೊಂದ್ಸಲ ಊರಿಗಿಂತ ಮುಂಚೆ.”

ಸ್ಟೇನ್ ಒಳಗೆ ಹೋಗಿ, ದೂರಿನಲ್ಲಿ ಖಾಲಿ ಬಿಟ್ಟಿದ್ದ ‘ಅಪರಾಧದ ಕಾರಣ’ದ ಮುಂದೆ ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಬರೆದ. ಆಮೇಲೆ ಕುರ್ಚಿ ಎತ್ತಿಕೊಂಡು ಬಂದು, ಮುಖಗಳೆಲ್ಲ ಚೆನ್ನಾಗಿ ಕಾಣುವ ಕಡೆ ಹಾಕಿ ಕೂತ.