ಗಟ್ಟಿ ನೀರು

“ಇದನ್ನ ನೀರು ಅಂತಾರಾ?”

ಅತ್ತೆ ಲೋಟವನ್ನು ಸೊಸೆಯ ಮುಖದೆದುರು ಹಿಡಿದು ಓರೆ ಮಾಡಿದರು. ಒಳಗಿದ್ದದ್ದು ಸುರಿಯಲಿಲ್ಲ, ಅಂಟಿನ ಹಾಗೆ ಅಂಚಿನವರೆಗೆ ಜಾರಿ ಅಲ್ಲೇ ನಿಂತಿತು. ಮಂಚದ ಮೇಲೆ ಮಾವ ಒಣಗಿದ ತುಟಿ ಸವರಿಕೊಳ್ಳುತ್ತ ಇಬ್ಬರನ್ನೂ ನೋಡುತ್ತಿದ್ದರು.

“ಜೀವಮಾನವೆಲ್ಲ ಈ ಕೈಯಿಂದ ನೀರು ಕುಡಿದ ಮನುಷ್ಯ. ಬಾಯಾರಿ ಒದ್ದಾಡ್ತಿದ್ರೆ ಗೋಂದು ಕಲಸಿ ಕೊಡ್ತೀಯಲ್ಲ, ನಿನ್ನ ಹೊಟ್ಟೇಲಿರೋದು ಕರುಳಾ ಕಲ್ಲಾ?”

“ಅತ್ತೆ, ಪಾರ್ಶ್ವವಾಯು ಹೊಡೆದ ಮೇಲೆ ಮಾವನ ಗಂಟಲಿಗೆ ಶಕ್ತಿ ಇಲ್ಲ. ಬರೀ ನೀರು ಸರ್ರಂತ ಇಳಿದು ಶ್ವಾಸಕೋಶಕ್ಕೆ ಹೋಗಿಬಿಡುತ್ತೆ. ಪುಡಿ ಹಾಕಿ ಮಂದ ಮಾಡಿದ್ರೆ ನಿಧಾನವಾಗಿ ಹೋಗುತ್ತೆ, ಅಷ್ಟರಲ್ಲಿ ಅವರು ನುಂಗ್ಕೋತಾರೆ.”

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಅತ್ತೆ ಲೋಟ ಕುಕ್ಕಿದರು.

ಸೊಸೆ ದೊಡ್ಡಾಸ್ಪತ್ರೆಯಲ್ಲಿ ಡಯೆಟಿಷಿಯನ್. ಯಾವ ರೋಗಿ ಏನು ತಿನ್ನಬೇಕು, ಎಷ್ಟು ತಿನ್ನಬೇಕು, ತಿಂದದ್ದು ಮೈಗೆ ಹತ್ತುತ್ತಿದೆಯೋ ಇಲ್ಲವೋ ಎಂದು ವಾರ್ಡಿನಿಂದ ವಾರ್ಡಿಗೆ ಅಲೆದು ನೋಡುವುದು ಅವಳ ಕೆಲಸ. ಗಂಟಲಿನ ಶಕ್ತಿ ಹೋದವರನ್ನು ನೇರ ಕೂರಿಸಿ, ಗದ್ದ ಎದೆಗೆ ತಾಗಿಸಿ, ಚಮಚ ಚಮಚವಾಗಿ ನುಂಗಿಸಲು ಮನೆಯವರಿಗೆ ಅವಳೇ ಕಲಿಸುತ್ತಿದ್ದಳು. ಅಲ್ಲಿ ಜನ ಕೈಮುಗಿದು ಕೇಳುತ್ತಿದ್ದರು. ಇಲ್ಲಿ ಅದೇ ಮಾತಿಗೆ ಬಿರುದು ಬೇರೆ: ‘ಅಳತೆ ಸೌಟು’. ಅತ್ತೆ ಇಟ್ಟ ಹೆಸರನ್ನು ನಾದಿನಿ ಬೀದಿಗೆಲ್ಲ ಹಂಚಿದ್ದಳು. ಪಾಪ, ಆ ಮನೆಯಲ್ಲಿ ಅವಳ ಪರವಾಗಿದ್ದದ್ದು ಮಾವ ಒಬ್ಬರೇ. ಅರೆದು ಕೊಟ್ಟ ಊಟವನ್ನು ಬಾಯಲ್ಲಿಟ್ಟುಕೊಂಡು, “ನಿನ್ನ ಅಡುಗೆಗೆ... ಹಲ್ಲು ದಂಡ,” ಎಂದು ತೊದಲಿ ನಗುತ್ತಿದ್ದರು. ನಕ್ಕಾಗ ನೆತ್ತಿಗೇರೀತೆಂದು ಅವಳು ಗದರಿದರೆ ಇನ್ನಷ್ಟು ನಗು ಬರುತ್ತಿತ್ತು. ಎರಡು ತಿಂಗಳಲ್ಲಿ ಮೈಯಲ್ಲಿ ಕಸುವು ಬಂದು, ಗೋಡೆ ಹಿಡಿದು ಬಾಗಿಲವರೆಗೆ ನಡೆಯತೊಡಗಿದ್ದರು.

ಒಂದು ಸಂಜೆ ಅವಳು ಕೆಲಸದಿಂದ ಬಂದಾಗ ಮಾವ ಅಂಗಾತ ಮಲಗಿದ್ದರು. ಉಸಿರಿನಲ್ಲಿ ಗೊರಗೊರ ಸದ್ದು. ಅಂಗಿಯ ಎದೆ ಒದ್ದೆ. ಪಕ್ಕದ ಸ್ಟೂಲಿನ ಮೇಲೆ ಖಾಲಿ ಲೋಟ. ಬಾಗಿಲಲ್ಲಿ ನಿಂತ ಅತ್ತೆಯ ಮುಖದಲ್ಲಿ ಗೆದ್ದವರ ಕಳೆಯಿತ್ತು. ಸೊಸೆ ಮಾವನನ್ನು ಎತ್ತಿ ಕೂರಿಸಿ, ಬೆನ್ನಿಗೆ ತನ್ನ ಎದೆ ಕೊಟ್ಟು, ಗಂಡನಿಗೆ ಫೋನು ಮಾಡಿದಳು.

ಆಸ್ಪತ್ರೆಯಲ್ಲಿ ಎರಡೂ ಶ್ವಾಸಕೋಶಕ್ಕೆ ಸೋಂಕು ಹರಡಿತು. ವಾರ ಕಳೆಯುವಷ್ಟರಲ್ಲಿ ಮಾವ ಹೋದರು... ಎಷ್ಟೋ ಮನೆಯವರಿಗೆ ಅವಳು ಧೈರ್ಯ ಹೇಳಿದ್ದ ಅದೇ ಕಾರಿಡಾರಿನ ಬೆಂಚಿನ ಮೇಲೆ ಅವಳದೇ ಮನೆಯವರು ಕೂತು ಅತ್ತರು.

“ಬಾಯಾರಿಸಿ ಬಾಯಾರಿಸಿ ಸಾಯಿಸಿದಳು,” ಎಂದರು ಅತ್ತೆ, ಮಗನ ತೋಳು ಹಿಡಿದು. “ಕೊನೆಗೆ ನನ್ನ ಕೈಯಾರೆ ಒಂದು ಲೋಟ ತಣ್ಣಗಿನ ನೀರು ಕುಡಿಸಿದ್ನಲ್ಲ, ಅದೊಂದೇ ಅವರ ಪುಣ್ಯ. ಗಟಗಟ ಕುಡಿದ್ರು ಕಣೋ. ನನ್ನ ಕೈ ಒತ್ತಿ ಹಿಡ್ಕೊಂಡ್ರು.”

ಮಗ ತಲೆಯೆತ್ತಿದ. “ಯಾವಾಗ ಕೊಟ್ಟೆ?”

“ಇಲ್ಲಿಗೆ ಕರ್ಕೊಂಡು ಬಂದ್ರಲ್ಲ, ಆವತ್ತೇ.”

ಅವನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. “ಬರೀ ನೀರು ಕೊಟ್ರೆ ಶ್ವಾಸಕೋಶಕ್ಕೆ ಹೋಗುತ್ತೆ ಅಂತ ನೀನು ಹೇಳ್ತಿದ್ದೆ, ಅಲ್ವಾ?”

ಅತ್ತೆಯ ಅಳು ಅಲ್ಲಿಗೇ ನಿಂತಿತು. ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. “ಅಂದ್ರೆ... ನಾನು ಕೊಟ್ಟಿದ್ದಕ್ಕಾ? ನನ್ನ ಕೈಯಿಂದಲೇನಾ...”

ಹೌದು ಅತ್ತೆ, ನಿಮ್ಮ ಕೈಯಿಂದಲೇ. ಆ ಮಾತು ಸೊಸೆಯ ನಾಲಿಗೆಯ ತುದಿಯಲ್ಲೇ ಇತ್ತು. ಸುಳ್ಳೇಕೆ ಹೇಳಬೇಕು, ಆಡಿಬಿಡುವ ಆಸೆಯೂ ಅವಳಿಗಾಯಿತು. ಅನ್ನಿಸಿಕೊಂಡದ್ದು ಕಡಿಮೆಯೇ? ಒಂದೇ ಮಾತಿಗೆ ಮಾನ ಉಳಿಯುತ್ತಿತ್ತು, ಗಂಡನ ನಂಬಿಕೆ ಉಳಿಯುತ್ತಿತ್ತು. ಆದರೆ ಎದುರಿಗಿದ್ದ ಮುದುಕಿ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಅವು ಯಾರದೋ ಎಂಬಂತೆ ನೋಡುತ್ತಿತ್ತು.

“ಇಲ್ಲ ಅತ್ತೆ,” ಎಂದಳು ಸೊಸೆ. “ಒಂದು ಲೋಟ ನೀರಿಗೆ ಯಾರೂ ಸಾಯಲ್ಲ. ಸೋಂಕು ಮೊದಲೇ ಇತ್ತು. ನಾನೇ... ಓದಿದ್ದು ಹೆಚ್ಚಾಗಿ ಅತಿ ಮಾಡಿದೆ. ಅಷ್ಟು ಕಟ್ಟುನಿಟ್ಟು ಬೇಕಿರಲಿಲ್ಲ.”

ಅತ್ತೆ ಬಿಗಿಹಿಡಿದಿದ್ದ ಉಸಿರು ಬಿಟ್ಟರು. ಅಂಗೈಗಳು ಮೆಲ್ಲಗೆ ಮುಚ್ಚಿಕೊಂಡವು. ಗಂಡ ಮಾತ್ರ ಅವಳನ್ನೇ ದಿಟ್ಟಿಸುತ್ತ ನಿಂತ.

“ಹಾಗಾದ್ರೆ ಎರಡು ತಿಂಗಳು ನಮ್ಮಪ್ಪನ್ನ ಸುಮ್ಸುಮ್ನೆ ಬಾಯಾರಿಸಿದೆಯಾ?”

ಅವಳು ಬಾಯಿ ಬಿಟ್ಟರೆ ಹೇಳಿದ ಸುಳ್ಳು ಮುರಿದುಬೀಳುತ್ತಿತ್ತು.

“ಹೇಳೇ...” ಎಂದ ಅವನು, ಮಗುವಿನ ಹಾಗೆ ಅಳುತ್ತ. “ನೀರು ನೀರು ಅಂತಿದ್ರಲ್ಲ ಅಪ್ಪ. ನೀನು ಹೇಳಿದೆ ಅಂತ ನಾನೂ ಕೊಡ್ಲಿಲ್ಲವಲ್ಲ...”

ಇಷ್ಟನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಬ್ಬರ ಎದೆಯಿಂದ ಕಿತ್ತ ಮುಳ್ಳು ಇನ್ನೊಬ್ಬರ ಎದೆಗೆ ನಾಟಿತ್ತು. ಅದನ್ನು ಕೀಳಬೇಕೆಂದರೆ ಅತ್ತೆಗೆ ಸತ್ಯ ಹೇಳಬೇಕು, ಅದು ಅವಳಿಂದಾಗಲಿಲ್ಲ.

ಮನೆಗೆ ಮರಳಿದ ಮೇಲೆ ನಾದಿನಿ ಬಂದು ನಿಂತಳು. “ಅಮ್ಮನ ಊಟ ಇನ್ಮೇಲೆ ತಂಗಿ ನೋಡ್ಕೋತಾಳೆ,” ಎಂದ ಗಂಡ, ಗೋಡೆ ನೋಡುತ್ತ. “ನೀನು ಮುಟ್ಟಬೇಡ.”

“ಸರಿ,” ಎಂದಳು ಸೊಸೆ.

ನೋಡಲು ಬಂದವರಿಗೆಲ್ಲ ಅತ್ತೆ ಅದೇ ಕಥೆ ಹೇಳಿದರು: ತಮ್ಮ ಕೈಯಿಂದ ಕೊನೆಯ ನೀರು, ಗಂಡ ಕೈ ಒತ್ತಿ ಹಿಡಿದದ್ದು. ಹೇಳುತ್ತ ಹೇಳುತ್ತ ಅವರ ಮುಖ ತಿಳಿಯಾಗುತ್ತಿತ್ತು. ಆ ಮಧ್ಯಾಹ್ನ, ಗಂಡ ಹೋದಂದಿನಿಂದ ತುತ್ತು ಮುಟ್ಟದಿದ್ದ ಅವರು ಮಗಳನ್ನು ಕರೆದು ಹಸಿವಾಗ್ತಿದೆ ಎಂದರು. ಸೊಸೆ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡಳು: ತಟ್ಟೆ ಇಟ್ಟದ್ದು, ಬಡಿಸಿದ್ದು, ಅತ್ತೆ ಇನ್ನೂ ಸ್ವಲ್ಪ ಹಾಕು ಎಂದದ್ದು. ಅವರು ಹೊಟ್ಟೆ ತುಂಬ ಉಂಡರು. ಆಮೇಲೆ ಮಗನನ್ನು ಊಟಕ್ಕೆ ಕರೆದರು. ಸೊಸೆಯನ್ನು ಯಾರೂ ಕರೆಯಲಿಲ್ಲ.